ಎರಡು ಚಮಚ ಪೆಟ್ರೋಲ್

ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗಿಟ್ಟೆ. ಬರೀ ಪೆಟ್ರೋಲಿನ ಘಾಟು ಕಣ್ಣಿಗೆ ರಪ್ಪಂತ ಹೊಡೆಯಿತು. ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿ ನೋಡಿದೆ. ಜಾರಲಿಲ್ಲ, ಅಂಟಲಿಲ್ಲ. ತಣ್ಣಗಾಗಿ ಆರಿಹೋಯಿತು.

“ಆಯಿಲ್ ಐತಾ ಸಾರ್?” ಸಬ್‌ಇನ್‌ಸ್ಪೆಕ್ಟರ್ ಉಗ್ರಪ್ಪ ಮಂಡಕ್ಕಿ ಅಗಿಯುತ್ತಲೇ ಕೇಳಿದ.

“ಇಲ್ಲ.”

“ಮತ್ತೆ? ಬೆಳಿಗ್ಗೆಯಿಂದ ನಾನು ಅದನ್ನೇ ಬಡ್ಕೊಂತಿದೀನಿ. ಆಯಿಲ್ ಹಾಕಿಲ್ಲ, ಮೋಟರು ಜಾಮ್ ಆಯ್ತು, ಹೆಂಗಸು ಸತ್ಲು. ಮುಗೀತಲ್ಲ ಕೇಸು.”

ಅವನ ಮಂಡಕ್ಕಿ ಪೊಟ್ಟಣ ಮುದ್ದಕ್ಕನ ಮರಣೋತ್ತರ ವರದಿಯ ಮೇಲಿತ್ತು. ಒಗ್ಗರಣೆಯ ಅರಿಶಿನ ಕಾಗದಕ್ಕೆ ಇಳಿದು, ‘ಶ್ವಾಸಕೋಶದಲ್ಲಿ ನೀರು’ ಎಂಬ ಸಾಲಿನ ಸುತ್ತ ಹಳದಿ ಹರಡಿತ್ತು.

“ಮೊದಲು ಆ ಪೊಟ್ಟಣ ಎತ್ತಯ್ಯ. ಸತ್ತವಳ ಮೇಲಿಟ್ಕೊಂಡು ತಿಂತಿದ್ದೀಯಲ್ಲ, ನಾಚಿಕೆ ಆಗಲ್ವ?”

ಅವನು ಹಲ್ಲು ಕಿರಿದು ಎತ್ತಿದ. ವರದಿಯನ್ನು ಪ್ಯಾಂಟಿಗೆ ಒರೆಸಿದ.

ವಿಷಯ ಇಷ್ಟೇ. ಮೂರು ದಿನದ ಹಿಂದೆ ಹಿನ್ನೀರಿನ ನಡುವೆ ಚೇತನ್‌ಕುಮಾರ್ ಎಂಬಾತನ ದೋಣಿಯ ಮೋಟರು ಓಡುತ್ತಿದ್ದಾಗಲೇ ಕಚ್ಚಿಕೊಂಡು ನಿಂತಿತು. ದೋಣಿ ಗಕ್ಕನೆ ಮುಗ್ಗರಿಸಿತು. ಮುಂದೆ ನಿಂತಿದ್ದ ಕುರಿಗಾರರ ಮುದ್ದಕ್ಕ ನೀರಿಗೆ ಬಿದ್ದಳು, ಮೇಲೆ ಬರಲಿಲ್ಲ. ದೋಣಿ ನಡೆಸುತ್ತಿದ್ದ ಮಾರುತಿ ಅವತ್ತೇ ನಾಪತ್ತೆ. ಅದರ ಹಿಂದಿನ ದಿನವಷ್ಟೇ ಆ ಹಳೆಯ ಮೋಟರಿಗೆ ಹೊಸ ಪಿಸ್ಟನ್ ಕೂರಿಸಿ, ಟ್ಯಾಂಕಿಗೆ ಆಯಿಲ್ ಬೆರೆಸಿ ಕೊಟ್ಟವನು ಹೊಸದುರ್ಗದ ಸುಭಾನ್.

ಸುಭಾನ್ ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅರವತ್ತೆರಡು ವರ್ಷ. ಅವನ ತಾತಂದಿರು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು, ಇವನು ಮೊಪೆಡ್ಡು, ಪಂಪ್‌ಸೆಟ್ಟು, ದೋಣಿ ಮೋಟರು ರಿಪೇರಿ ಮಾಡುವವನು. ಪಕ್ಕದಲ್ಲಿ ಮಗಳು ಆತಿಕಾ. ಬೆಳಿಗ್ಗೆ ಏಳಕ್ಕೇ ಚಿತ್ರದುರ್ಗಕ್ಕೆ ಬಂದು ನನ್ನ ಕಚೇರಿಯ ಬಾಗಿಲು ಬಡಿದವಳು ಅವಳೇ. “ಅಬ್ಬಾನ್ನ ಇವತ್ತು ಒಳಗೆ ಹಾಕ್ತಾರಂತೆ ಅಂಕಲ್, ಹೆಂಗಾದ್ರೂ ಬಿಡಿಸ್ರಿ” ಎಂದು ಕಾಲು ಹಿಡಿಯಲು ಬಂದಿದ್ದಳು.

ನಾನು ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ವಾಹನ ವಿಭಾಗದಲ್ಲಿ ಗ್ರೀಸು ಬಳಿದುಕೊಂಡವನು. ನಿವೃತ್ತಿಯಾದ ಮೇಲೆ ಈ ಪತ್ತೇದಾರಿ ಕೆಲಸ. ಕಳ್ಳರನ್ನು ಕಂಡರೆ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ, ಸೋಮಾರಿಗಳನ್ನು ಕಂಡರೆ ಬರುತ್ತದೆ. ಉಗ್ರಪ್ಪ ನನ್ನ ಕೈಕೆಳಗೆ ಎರಡು ವರ್ಷ ಇದ್ದವನು, ಆಗಲೂ ಹೀಗೇ ಇದ್ದ.

“ಮೋಟರು ಎಲ್ಲಿ?” ಎಂದೆ.

“ಅಲ್ಲೇ ದಡದಾಗೈತೆ. ಟ್ಯಾಂಕು ತಂದೀವಲ್ಲ, ಸಾಕಲ್ವಾ?”

“ಟ್ಯಾಂಕು ಯಾರು ಕೊಟ್ಟಿದ್ದು?”

“ಚೇತನ್‌ಕುಮಾರೇ ಮಾರನೇ ದಿನ ಎತ್ಕೊಟ್ರು. ಪಾಪ, ಭಾಳ ಕೋಆಪರೇಟ್ ಮಾಡಿದ್ರು.”

ಹಣೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಕಡೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂದರೆ ಜನಕ್ಕೆ ಗೊತ್ತಿರುವುದು ಮೊಪೆಡ್ಡು ಒಂದೇ. ಮೊಪೆಡ್ಡಿನ ಟ್ಯಾಂಕು ಮೈಗೇ ಕೂತಿರುತ್ತದೆ, ಅದನ್ನು ಬದಲಾಯಿಸುವ ಯೋಚನೆ ಯಾರಿಗೂ ಬರುವುದಿಲ್ಲ. ದೋಣಿ ಮೋಟರಿನ ಟ್ಯಾಂಕು ಹಾಗಲ್ಲ, ಅದು ಬೇರೆಯೇ ಡಬ್ಬ. ರಬ್ಬರ್ ಪೈಪ್ ಎಳೆದರೆ ಕೈಗೆ ಬರುತ್ತದೆ. ಇನ್ನೊಂದನ್ನು ಸಿಕ್ಕಿಸಲು ಅರ್ಧ ನಿಮಿಷ ಸಾಕು. ಠಾಣೆಯಲ್ಲಿ ಆರು ಜನ ಇದ್ದಾರೆ, ಒಬ್ಬನಿಗೂ ಇದು ಹೊಳೆದಿಲ್ಲ.

“ಎಷ್ಟು ಹೊತ್ತು ಕೊಡ್ತೀಯ?”

“ಐದು ಗಂಟೆ ತನಕ ಸಾರ್. ಮೇಲಿಂದ ಫೋನ್ ಮೇಲೆ ಫೋನು. ಐದಕ್ಕೆ ಅರೆಸ್ಟ್ ತೋರಿಸ್ಲೇಬೇಕು.”

ಹೊರಗೆ ಬಂದು ಸುಭಾನ್ ಪಕ್ಕ ಕೂತೆ.

“ಸುಭಾನಣ್ಣ, ಆಯಿಲ್ ಹಾಕಿದ್ಯೋ ಇಲ್ವೋ? ನೆಟ್ಟಗೆ ಹೇಳು.”

“ಪಂಚಾಕ್ಷರಪ್ಪಾರೇ, ನೀವು ಕೇಳೋದಾ ಇದು?” ಮುದುಕನಿಗೆ ರೇಗಿತು. “ನಾನು ಆಯಿಲ್ ಮೊದ್ಲು ಹಾಕೋನು. ಖಾಲಿ ಟ್ಯಾಂಕಿಗೆ ಬಿಸ್ಮಿಲ್ಲಾ ಅಂತ ಆಯಿಲ್ ಹಾಕ್ಬೇಕು, ಅರ್ಧ ಪೆಟ್ರೋಲ್ ಹಾಕಿ ಕುಲುಕ್ಬೇಕು, ಆಮೇಲೆ ಉಳಿದ ಅರ್ಧ. ನಲ್ವತ್ತು ವರ್ಷದಿಂದ ಇದೇ ಕೈ. ಮೊದ್ಲು ಹಾಕೋದನ್ನ ಮರೆಯೋದು ಹೆಂಗ್ರಿ?”

“ಎಷ್ಟು ಹಾಕಿದ್ದೆ?”

“ಇಪ್ಪತ್ತೈದು ಲೀಟರಿಗೆ ಪೂರಾ ಒಂದು ಲೀಟರು. ಹಳೇ ಮೋಟರು, ಹೊಸ ಪಿಸ್ಟನ್ನು. ಜಾಸ್ತಿನೇ ಬೇಕು. ಹೊಗೆ ಬರ್ತೈತೆ, ಬರ್ಲಿ ಬಿಡ್ರಿ. ಮೊದ್ಲ ಹತ್ತು ತಾಸು ಅರ್ಧ ಸ್ಪೀಡಿನ ಮೇಲೆ ಹೋಗಂಗಿಲ್ಲ. ಅದು ಕಳದ ಮೇಲೂ ಮುಕ್ಕಾಲು, ಅಷ್ಟೇ. ಇಪ್ಪತ್ತೆಂಟು ವರ್ಷದ ಮೋಟರು, ಪೂರಾ ತಿರುವಿದ್ರೆ ತಡಿಯಲ್ಲ.”

“ಅದು ಆ ಮಾರುತಿಗೆ ಗೊತ್ತಿತ್ತಾ?”

“ಗೊತ್ತಿದ್ರೂ ಕೇಳ್ತಾವಾ ಈಗಿನ ಹುಡುಗ್ರು? ಅದಕ್ಕೇ ಸ್ಪೀಡಿನ ಹಿಡಿಕೆಗೆ ತಗಡು ಹೊಡೀತೀನಿ. ಒಂದೇ ಸ್ಕ್ರೂ. ಅರ್ಧಕ್ಕೆ ಬಂದ್ರೆ ಹಿಡಿಕೆ ಮುಂದಕ್ಕೆ ತಿರುಗಲ್ಲ. ಹತ್ತು ತಾಸು ಆದ್ಮೇಲೆ ನನ್ನತ್ರ ಬರ್ಬೇಕು, ನಾನೇ ಬಿಚ್ಬೇಕು. ಹಾಳಾಗಿ ಹೋಗ್ಲಿ ಅಂತ ಬಿಡೋ ಜಾತಿ ಅಲ್ಲ ನಾನು.”

ಅಷ್ಟರಲ್ಲಿ ಪೇದೆಯೊಬ್ಬ ನಾನು ಮೂಸಿ ನೋಡಿದ್ದ ಆ ಕೆಂಪು ಟ್ಯಾಂಕನ್ನು ಒಳಗಿನಿಂದ ಎತ್ತಿಕೊಂಡು ಹೊರಟ. ಸುಭಾನ್ ಅದನ್ನು ನೋಡಿದ. ಇನ್ನೊಂದು ಸಲ ನೋಡಿದ. ಮಾತು ನಿಲ್ಲಿಸಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಏನಾಯ್ತು?”

“ಏನಿಲ್ಲ. ಬಿಸಿಲು.”

ಬೆಂಚು ನೆರಳಲ್ಲಿತ್ತು. ಆಮೇಲೆ ನಾನು ಏನು ಕೇಳಿದರೂ ಅವನು ಹೂಂ, ಊಹೂಂ ಅಷ್ಟೇ. ಆತಿಕಾ ನೀರಿನ ಬಾಟಲಿ ಕೊಟ್ಟಳು, ಅದನ್ನೂ ಮುಟ್ಟಲಿಲ್ಲ. ಗಂಟೆ ಹನ್ನೊಂದೂವರೆ ಆಗಿತ್ತು. ನಾನು ಸ್ಕೂಟರ್ ಹತ್ತಿದೆ.

*

ಮುದ್ದಕ್ಕನ ಗಂಡ ಪಾಲಣ್ಣನ ಮನೆಯಲ್ಲಿ ಅವತ್ತು ಹಾಲುತುಪ್ಪ. ಮಣ್ಣಿಗೆ ಹಾಲೆರೆದು ಬಂದ ನೆಂಟರು ಜಗಲಿಯ ಮೇಲೆ ಕೂತಿದ್ದರು. ಹೆಂಡತಿ ಸತ್ತ ಪಾಲಣ್ಣ ಕುರಿ ರೊಪ್ಪದ ಬೇಲಿಗೆ ಒರಗಿ ನಿಂತಿದ್ದ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ.

“ಕುಂತ್ಕಳ್ರಿ ಸ್ವಾಮಿ,” ಎಂದು ಕಂಬಳಿ ಹಾಸಿದ. “ಸುಭಾನಣ್ಣನ ಮ್ಯಾಲೆ ಹಾಕ್ತಾರಂತೆ, ಹೌದಾ?”

“ಅದಕ್ಕೇ ಬಂದಿದ್ದು. ನೀನು ದೋಣಿಯಲ್ಲಿ ಇದ್ದೆಯಲ್ಲ, ಹೊಗೆ ಬರ್ತಿತ್ತಾ?”

“ಬರ್ತಿತ್ತಾ ಅಂತೀರಲ್ಲ! ನೀಲಿ ಹೊಗೆ ಸ್ವಾಮಿ, ಕಣ್ಣು ಉರಿಯಂಗೆ. ನಾವಿಬ್ರೂ ಹಿಂದೆ ಕುಂತಿದ್ವಿ. ಇವಳು ‘ಥೂ, ಇದೇನ್ ನಾತ, ಹೊಟ್ಟೆ ತೊಳಸ್ತೈತೆ’ ಅಂದ್ಳು. ಸೆರಗು ಮೂಗಿಗೆ ಹಿಡ್ಕೊಂಡು ಮುಂದಕ್ಕೆ ಹೋಗಿ ನಿಂತ್ಳು.” ಅವನು ಕಂಬಳಿಯ ಅಂಚು ಎಳೆದು ಸರಿಮಾಡಿದ. “ಮುಂದಕ್ಕೆ ಹೋಗಿದ್ದಕ್ಕೇ ಬಿದ್ಲು.”

ನೀಲಿ ಹೊಗೆ. ಆಯಿಲ್ ಇಲ್ಲದ ಪೆಟ್ರೋಲು ನೀಲಿ ಹೊಗೆ ಬಿಡುವುದಿಲ್ಲ. ಹೊಗೆ ಬಂದಿದೆ ಎಂದರೆ ಆಯಿಲ್ ಇತ್ತು, ಬೇಕಾದ್ದಕ್ಕಿಂತ ಧಾರಾಳವಾಗಿಯೇ ಇತ್ತು. ಠಾಣೆಯ ಟ್ಯಾಂಕಿನಲ್ಲಿ ಮಾತ್ರ ಇಲ್ಲ.

“ಸೌಂಡು ಹೆಂಗಿತ್ತು?”

“ಮೊದ್ಲು ನೆಟ್ಟಗೆ ಹೋಗ್ತಿತ್ತು. ನಡುನೀರಿಗೆ ಬಂದ್ವಿ, ಮ್ಯಾಲೆ ಅದೇನೋ ಗುಂಯ್ ಅಂತ ಬಂತು. ಫೋಟೋ ತೆಗಿಯೋದು, ಹಾರ್ತೈತಲ್ಲ…”

“ಡ್ರೋನು.”

“ಅದೇ. ದಡದಾಗೆ ಆ ಚೇತನ್‌ಕುಮಾರ ನಿಂತು ಹಾರಿಸ್ತಿದ್ದ. ಕೈ ಬೀಸಿ ಸನ್ನೆ ಮಾಡ್ದ. ಮಾರುತಿ ಮ್ಯಾಲೆ ನೋಡ್ಕೊಂಡೇ ಹಿಡಿಕೆ ಪೂರಾ ತಿರುವಿಬಿಟ್ಟ. ಮೋಟರು ಒದರಿಕೊಳ್ತು. ಎಣಿಸಿ ಹತ್ತು ಉಸಿರು, ಅಷ್ಟೇ. ಗಕ್ ಅಂತ ನಿಂತ್ಕಳ್ತು.”

“ಪೂರಾ ತಿರುವಿದ? ಅರ್ಧಕ್ಕೆ ತಡೀಲಿಲ್ವಾ?”

“ಕಣ್ಣಾರೆ ಕಂಡೀನಿ ಸ್ವಾಮಿ. ಕುರಿ ಕಾಯೋನು ನಾನು, ನನ್ನ ಕಣ್ಣು ಸುಳ್ಳಾಡಲ್ಲ.”

ಹಾಗಾದರೆ ತಗಡು ಆಗಲೇ ಹೋಗಿತ್ತು. ಇಷ್ಟು ತಿಳಿದ ಮೇಲೆ ನನಗೆ ಬೇಕಾಗಿದ್ದು ಆ ಮೋಟರು, ಮತ್ತು ಎದುರಿಗೆ ಒಬ್ಬ ಸಾಕ್ಷಿ.

“ಪಾಲಣ್ಣ, ನನ್ನ ಜೊತೆ ದಡದವರೆಗೆ ಬರ್ತೀಯಾ? ಇವತ್ತಿನ ದಿನ ಕರೀಬಾರದು, ಆದರೂ ಕೇಳ್ತೀನಿ.”

ಅವನು ಒಳಗೆ ಹೋಗಿ ಟವೆಲ್ ತಂದು ಹೆಗಲಿಗೆ ಹಾಕಿಕೊಂಡ. “ನಡೀರಿ, ಹೋಗಾಣ.”

*

ಹೆಣ ತೆಗೆದು ಮೂರು ದಿನ ಆಗಿಲ್ಲ, ಅದೇ ದಡದಲ್ಲಿ ಬಿಳಿ ಪರದೆ ಕಟ್ಟಿ ಪ್ಲಾಸ್ಟಿಕ್ ಗುಲಾಬಿ ಸುತ್ತಿದ್ದರು. ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಯೊಂದು ಒಬ್ಬರ ಹಣೆಗೆ ಒಬ್ಬರು ಹಣೆ ಕೊಟ್ಟು ನಿಂತಿತ್ತು. ನೀರಿನ ಅಂಚಿನಲ್ಲಿ ಪೇಪರ್ ತಟ್ಟೆ, ಬಿರಿಯಾನಿ ಮೂಳೆ, ಗುಟ್ಕಾ ಚೀಟಿ. ಕಾಲಿಡಲು ಜಾಗ ಹುಡುಕಬೇಕಾಯಿತು.

‘ಚೇತನ ಜಲವಿಹಾರ’ ಎಂಬ ಫಲಕದ ಕೆಳಗೆ ಚೇತನ್‌ಕುಮಾರ್ ಎಳನೀರು ಹೀರುತ್ತಿದ್ದ. ಮೂವತ್ತೈದರ ಆಸುಪಾಸು. ಕಪ್ಪು ಕನ್ನಡಕ, ಗರಿಗರಿ ಬಿಳಿ ಅಂಗಿ. ಕುಡಿದು ಮುಗಿಸಿ ಬುರುಡೆಯನ್ನು ಕೂತಲ್ಲಿಂದಲೇ ನೀರಿಗೆ ಎಸೆದ.

“ಬರ್ರಿ ಸಾರ್, ಬರ್ರಿ. ಉಗ್ರಪ್ಪೋರು ಫೋನ್ ಮಾಡಿದ್ರು. ಎಳನೀರು ತರಿಸ್ಲಾ?”

“ಬೇಡ. ಮೋಟರು ನೋಡಬೇಕು.”

“ಧಾರಾಳವಾಗಿ ನೋಡ್ರಿ. ಮುಚ್ಚುಮರೆ ಇಲ್ಲ ನಮ್ಮಲ್ಲಿ.” ಆಗ ಅವನಿಗೆ ನನ್ನ ಹಿಂದಿದ್ದ ಪಾಲಣ್ಣ ಕಂಡ. ಕನ್ನಡಕ ತೆಗೆದ, ಮುಖ ಬಾಡಿಸಿಕೊಂಡ. “ಅಯ್ಯೋ ಪಾಲಣ್ಣ, ದೇವ್ರು ಭಾಳ ಅನ್ಯಾಯ ಮಾಡ್ದ ಕಣಪ್ಪ.”

ದೇವರ ತಲೆಗೆ ಕಟ್ಟಿದ. ಥೂ! ಉಗಿಯಬೇಕು ಅನಿಸಿತು, ನುಂಗಿಕೊಂಡೆ.

ಶೆಡ್ಡಿನ ಗೋಡೆಗೆ ಹನ್ನೆರಡು ಲೈಫ್ ಜಾಕೆಟ್ ಸಾಲಾಗಿ ನೇತಾಡುತ್ತಿದ್ದವು. ಕಿತ್ತಳೆ ಬಣ್ಣ, ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಪಾಲಣ್ಣ ಅಲ್ಲೇ ನಿಂತ. ಒಂದನ್ನು ಮುಟ್ಟಿ ನೋಡಿದ.

“ಇದು ಹಾಕ್ಕಂಡ್ರೆ ಮುಳುಗಲ್ವಾ?”

“ಮುಳುಗಲ್ಲ,” ಎಂದೆ.

“ಮತ್ತೆ ನಮಗ್ಯಾಕೆ ಕೊಡ್ಲಿಲ್ಲ?”

ಚೇತನ್‌ಕುಮಾರ್ ಗಂಟಲು ಸರಿಮಾಡಿಕೊಂಡ. “ಅದು ಶೂಟಿಂಗ್‌ಗೆ ಬರೋರಿಗೆ ಪಾಲಣ್ಣ. ನಿಮ್ಮೋರು ಹಾಕ್ಕೊಂಡ್ರೆ ಕುರಿ ವಾಸನೆ ಹಿಡೀತೈತೆ, ಆಮೇಲೆ ಅವ್ರು ಮುಟ್ಟಲ್ಲ.”

ಅವನು ಇದನ್ನು ಸಮಾಧಾನದಿಂದಲೇ ಹೇಳಿದ, ಅದೇ ಹೇಸಿಗೆ. ಪಾಲಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ನನ್ನ ಮೈಯೆಲ್ಲ ಉರಿಯಿತು. ಆದರೆ ಗಂಟೆ ಎರಡೂವರೆ, ಜಗಳಕ್ಕೆ ಹೊತ್ತಿರಲಿಲ್ಲ.

ಮೋಟರು ಮರದ ಸ್ಟ್ಯಾಂಡಿಗೆ ಸಿಕ್ಕಿಸಿಟ್ಟಿತ್ತು. ಮೊದಲು ಹಿಡಿಕೆ ನೋಡಿದೆ. ತಗಡು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸ್ಕ್ರೂ ತೂತು ಮಾತ್ರ ಇತ್ತು. ಸುತ್ತಲೂ ಕೊಳೆ ಕಟ್ಟಿದ ಬಣ್ಣ, ತೂತಿನ ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಯಾರೋ ಸ್ಕ್ರೂಡ್ರೈವರ್ ಸಿಗದೆ ಕಟ್ಟಿಂಗ್ ಪ್ಲೈಯರ್ ಹಾಕಿ ಕಿತ್ತಿದ್ದರು.

“ಇಲ್ಲಿ ಒಂದು ತಗಡಿತ್ತು.”

“ಯಾವ ತಗಡು ಸಾರ್?”

“ಅರ್ಧ ಸ್ಪೀಡಿನ ಮೇಲೆ ಹೋಗದ ಹಾಗೆ ಸುಭಾನ್ ಹೊಡೆದಿದ್ದ ತಗಡು.”

“ನಂಗೊತ್ತಿಲ್ಲ. ನಾನು ಮೋಟರು ಮುಟ್ಟೋನಲ್ಲ, ಮಾರುತಿ ನೋಡ್ಕೊಳ್ತಾನೆ.”

“ಸರಿ.” ನಾನು ಮೋಟರಿನ ತಲೆಯ ಮುಚ್ಚಳ ತೆಗೆದೆ. “ಪಾಲಣ್ಣ, ಹತ್ತಿರ ಬಾ. ನಾನು ಮಾಡೋದನ್ನ ಕಣ್ಣು ಬಿಟ್ಟು ನೋಡು. ಆಮೇಲೆ ಕೇಳಿದರೆ ಹೇಳಬೇಕು.”

ಕಾರ್ಬೊರೇಟರಿನ ಕೆಳಗೆ ಸಣ್ಣ ಬಟ್ಟಲಿರುತ್ತದೆ. ಟ್ಯಾಂಕಿನಿಂದ ಪೈಪಿನಲ್ಲಿ ಬಂದ ಪೆಟ್ರೋಲು ಮೊದಲು ಅಲ್ಲಿ ನಿಂತು, ಆಮೇಲೆ ಇಂಜಿನ್ನಿಗೆ ಹೋಗುತ್ತದೆ. ಓಡುತ್ತಿದ್ದ ಮೋಟರು ತಟ್ಟನೆ ನಿಂತರೆ ಬಟ್ಟಲಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಟ್ಯಾಂಕು ಬದಲಾಯಿಸಬಹುದು, ಪೈಪು ಬದಲಾಯಿಸಬಹುದು. ಬಟ್ಟಲು ನೆನಪಾಗುವುದು ಗ್ರೀಸಿನಲ್ಲಿ ಕೈ ಹಾಕಿದವನಿಗೆ ಮಾತ್ರ.

ಬಟ್ಟಲ ತಳದ ಸ್ಕ್ರೂ ಸಡಿಲಿಸಿ ಗಾಜಿನ ಶೀಷೆ ಹಿಡಿದೆ. ತೊಟ್ಟಿಕ್ಕಿತು. ಎಲ್ಲಾ ಸೇರಿ ಎರಡು ಚಮಚ.

ಬಿಳಿ ಹಾಳೆಯೊಂದನ್ನು ಕಲ್ಲಿನ ಮೇಲೆ ಹರವಿದೆ. ಠಾಣೆಯ ಟ್ಯಾಂಕಿನಿಂದ ಬೆಳಿಗ್ಗೆಯೇ ಇನ್ನೊಂದು ಶೀಷೆಗೆ ತುಂಬಿಕೊಂಡು ಬಂದಿದ್ದೆ. ಎಡಕ್ಕೆ ಅದರ ನಾಲ್ಕು ಹನಿ, ಬಲಕ್ಕೆ ಬಟ್ಟಲಿನ ನಾಲ್ಕು ಹನಿ.

“ಇದೇನು ಮ್ಯಾಜಿಕ್ಕಾ ಸಾರ್?” ಚೇತನ್‌ಕುಮಾರ್ ನಕ್ಕ.

“ಎರಡು ನಿಮಿಷ ಬಾಯಿ ಮುಚ್ಕೊಂಡು ಇರ್ರಿ.”

ಬಿಸಿಲಿಗೆ ಎಡಗಡೆಯ ಹನಿ ಆರಿತು. ಅಲ್ಲಿ ಹನಿ ಬಿದ್ದಿತ್ತೆಂಬ ಗುರುತೂ ಉಳಿಯಲಿಲ್ಲ. ಬಲಗಡೆಯದು ಆರಲಿಲ್ಲ. ಬೋಂಡಾ ಕಟ್ಟಿದ ಕಾಗದದ ಹಾಗೆ ಎಣ್ಣೆಗಲೆ ಅಗಲವಾಗಿ ಹರಡಿ, ಹಾಳೆ ಅಲ್ಲಿ ಪಾರದರ್ಶಕವಾಯಿತು.

“ಪಾಲಣ್ಣ, ಏನು ಕಾಣ್ತೈತೆ?”

“ಈ ಕಡೆ ಏನಿಲ್ಲ. ಈ ಕಡೆ ಎಣ್ಣೆ ಐತೆ.”

“ಕೇಳಿದಿರಾ ಚೇತನ್‌ಕುಮಾರ್? ಮೋಟರು ನಿಂತಾಗ ಅದರೊಳಗೆ ಹೋಗ್ತಿದ್ದದ್ದು ಆಯಿಲ್ ಬೆರೆತ ಪೆಟ್ರೋಲು. ನೀವು ಪೊಲೀಸರಿಗೆ ಕೊಟ್ಟ ಟ್ಯಾಂಕಲ್ಲಿ ಆಯಿಲ್ ಇಲ್ಲ. ಅಂದರೆ ಆ ಟ್ಯಾಂಕು ಈ ಮೋಟರಿಗೆ ಅವತ್ತು ಹಾಕಿದ್ದಲ್ಲ.”

ಅವನ ನಗು ಅರ್ಧಕ್ಕೆ ನಿಂತಿತು. ಕನ್ನಡಕ ಮತ್ತೆ ಹಾಕಿಕೊಂಡ.

“ಆಯಿಲ್ ಇತ್ತು ಅಂದ್ರೆ ಮೋಟರು ಯಾಕೆ ನಿಲ್ತು? ಅದೇಳ್ರಿ.”

“ಹೊಸ ಪಿಸ್ಟನ್ನು ಇನ್ನೂ ಸಿಲಿಂಡರಿಗೆ ಪಳಗಿರಲಿಲ್ಲ. ಹತ್ತು ಗಂಟೆ ಅರ್ಧ ಸ್ಪೀಡಲ್ಲಿ ಓಡಬೇಕಾದ್ದನ್ನ ಮೊದಲನೇ ಗಂಟೆಯಲ್ಲೇ ಪೂರಾ ಬಿಟ್ಟರೆ ಕಾದು ಉಬ್ಬಿ ಕಚ್ಚಿಕೊಳ್ಳುತ್ತೆ. ಆಯಿಲ್ಲು ಎಷ್ಟಿದ್ದರೂ ಅಷ್ಟೇ. ತಗಡು ಯಾಕೆ ಕೀಳಿಸಿದಿರಿ?”

“ನಾನು ಕೀಳಿಸಿಲ್ಲ.”

“ಡ್ರೋನ್ ಹಾರಿಸಿದ್ದು ನೀವು. ಕೈ ಬೀಸಿದ್ದೂ ನೀವು. ಈ ಮನುಷ್ಯ ನೋಡಿದಾನೆ.”

ಅವನು ಪಾಲಣ್ಣನ ಕಡೆ ತಿರುಗಿದ. ಬಾಡಿಸಿಕೊಂಡಿದ್ದ ಮುಖ ಎಲ್ಲಿ ಹೋಯಿತೋ.

“ಅಲ್ರಿ ಸಾರ್, ನೀವೇ ಯೋಚ್ನೆ ಮಾಡ್ರಿ. ನಾನು ಪ್ರೋಮೋ ವಿಡಿಯೋ ಮಾಡ್ತಿದ್ದೆ. ಕಂಬಳಿ, ಸೆರಗು, ಕುರಿಮರಿ, ಹಿಂದೆ ಗುಡ್ಡ. ಹಳ್ಳಿ ಫೀಲ್ ಎಷ್ಟು ಚೆನ್ನಾಗಿ ಬರ್ತಿತ್ತು! ಅರ್ಧ ಸ್ಪೀಡಲ್ಲಿ ಹೋದ್ರೆ ದೋಣಿ ಹಿಂದೆ ನೊರೆನೇ ಏಳಲ್ಲ. ಮೇಲಿಂದ ನೋಡಿದ್ರೆ ಎಮ್ಮೆ ಈಜಿದಂಗೆ ಕಾಣ್ತೈತೆ. ಆ ಮುದುಕನ ತಗಡು ಇಟ್ಕೊಂಡು ನಾನೇನ್ ಮಾಡ್ಲಿ?”

ನೊರೆ. ವಿಡಿಯೋದಲ್ಲಿ ಬಿಳಿ ನೊರೆ ಕಾಣಲಿ ಎಂದು ಒಬ್ಬ ಹೆಂಗಸು ಹೋದಳು. ಇಷ್ಟು ವರ್ಷದಲ್ಲಿ ದ್ವೇಷಕ್ಕೆ ಕೊಂದವರನ್ನು ನೋಡಿದ್ದೇನೆ, ಜಮೀನಿಗೆ ಕೊಂದವರನ್ನು ನೋಡಿದ್ದೇನೆ. ಇಷ್ಟು ಅಸಹ್ಯದ ಕಾರಣ ಕೇಳಿರಲಿಲ್ಲ.

ಪಾಲಣ್ಣ ಮುಂದಕ್ಕೆ ಬಂದ. ಬಗ್ಗಿ ಚೇತನ್‌ಕುಮಾರನ ಬಿಳಿ ಬೂಟಿನ ಮುಂದೆ ಕ್ಯಾಕರಿಸಿ ಉಗಿದ. ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಹೋಗಿ ಮರದ ಕೆಳಗೆ ನಿಂತ.

“ತಗಡು ಕೀಳಿಸಿದ್ದು ಒಪ್ಪಿಕೊಂಡಿರಿ. ಈಗ ಟ್ಯಾಂಕಿನ ಮಾತು,” ಎಂದೆ. “ಬದಲಾಯಿಸಿದ್ದು ನೀವೇ ತಾನೆ?”

ಇಲ್ಲಿ ಅವನು ಹೆದರುತ್ತಾನೆ ಅಂದುಕೊಂಡಿದ್ದೆ. ಹೆದರಲಿಲ್ಲ. ಬೂಟನ್ನು ಹುಲ್ಲಿಗೆ ಉಜ್ಜುತ್ತ ತುಟಿಯಂಚಲ್ಲಿ ನಕ್ಕ.

“ನಾನು ಮುಟ್ಟಿಲ್ಲ ಸಾರ್. ನಮ್ಮಪ್ಪನಾಣೆ. ದಡದಾಗಿತ್ತು, ಎತ್ಕೊಟ್ಟೆ. ಅದು ಯಾರ್ದು, ಯಾರು ತಂದಿಟ್ರು ಅಂತ ನಿಮ್ಮ ಸುಭಾನ್ ಸಾಬ್ರನ್ನೇ ಕೇಳ್ರಿ. ಅವ್ರಿಗೆ ಚೆನ್ನಾಗಿ ಗೊತ್ತಿರ್ತೈತೆ.”

“ಏನರ್ಥ ಅದಕ್ಕೆ?”

“ಕೇಳ್ರಿ ಅಂದೆ, ಅಷ್ಟೇ. ಡ್ರೋನಿನ ಮೆಮೊರಿ ಕಾರ್ಡು ಬೇಕಾ? ಅದೂ ಕರಪ್ಟ್ ಆಗೈತೆ, ಪಾಪ.” ಅವನು ಫೋಟೋ ಜೋಡಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದ. “ಮೇಡಂ, ಲೈಟು ಹೋಗ್ತೈತೆ, ಬರ್ರಿ ದೋಣಿಗೆ!”

ನಾನು ಹಾಳೆಯ ಕೆಳಗೆ ಏನು ನಡೆಯಿತು, ಯಾವ ಹನಿ ಎಲ್ಲಿಯದು ಎಂದು ಬರೆದು ರುಜು ಹಾಕಿದೆ. ಪಾಲಣ್ಣ ಹೆಬ್ಬೆಟ್ಟು ಒತ್ತಿದ. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ನನ್ನ ಫೋನು ಹೊಡೆದುಕೊಂಡಿತು.

“ಸಾರ್, ಇನ್ನು ಓಡಾಡ್ಬೇಡ್ರಿ,” ಉಗ್ರಪ್ಪ ಹೇಳಿದ. “ಮುದುಕ ಒಪ್ಕೊಂಡ. ಬರ್ದು ಕೊಟ್ಟವ್ನೆ.”

*

ದಾರಿಯುದ್ದಕ್ಕೂ ನನಗೆ ಉಗ್ರಪ್ಪನ ಮೇಲೇ ಅನುಮಾನ. ಹೊಡೆದಿರುತ್ತಾನೆ, ಹೆದರಿಸಿರುತ್ತಾನೆ, ಮುದುಕನ ಕೈ ಹಿಡಿದು ಬರೆಸಿರುತ್ತಾನೆ. ಠಾಣೆಯ ಮೆಟ್ಟಿಲನ್ನು ಬೈಯುತ್ತಲೇ ಹತ್ತಿದೆ.

“ಕೈ ಮಾಡಿದ್ಯಾ ಅವನ ಮೇಲೆ?”

“ನನ್ ಮಕ್ಕಳಾಣೆ ಇಲ್ಲ ಸಾರ್! ನೀವು ಹೋದ ಮೇಲೆ ಅಪ್ಪ ಮಗಳು ಇಬ್ರೂ ಬೆಂಚಿನ ಮೇಲೆ ಭಾಳ ಹೊತ್ತು ಏನೋ ಮಾತಾಡಿದ್ರು. ಅಮ್ಯಾಲೆ ಅವ್ನೇ ಎದ್ದು ಬಂದು ‘ಕಾಗದ ಕೊಡ್ರಿ’ ಅಂದ. ನಾನೇ ಗಾಬರಿ ಆಗ್ಬಿಟ್ಟೆ. ನೀವೇ ಓದ್ರಿ.”

ಹಾಳೆ ತೆಗೆದುಕೊಂಡೆ. ದುಂಡನೆಯ ಕನ್ನಡ ಅಕ್ಷರ. ‘ಟ್ಯಾಂಕಿಗೆ ಆಯಿಲ್ ಹಾಕುವುದನ್ನು ಮರೆತೆ. ಹಿಡಿಕೆಗೆ ತಗಡನ್ನೂ ಹೊಡೆದಿರಲಿಲ್ಲ. ತಪ್ಪು ನನ್ನೊಬ್ಬನದೇ.’ ಕೆಳಗೆ ಉರ್ದುವಿನಲ್ಲಿ ಸುಭಾನನ ರುಜು.

ಆಯಿಲ್ ಮೊದಲು ಹಾಕುವವನು ಆಯಿಲ್ ಮರೆತೆ ಎಂದು ಬರೆದುಕೊಟ್ಟಿದ್ದಾನೆ. ತನ್ನ ನಲವತ್ತು ವರ್ಷದ ಕೈಯನ್ನು ತಾನೇ ಕಡಿದುಕೊಂಡಿದ್ದಾನೆ. ಇನ್ನು ಹೊಸದುರ್ಗದಲ್ಲಿ ಯಾವನೂ ಅವನಿಗೆ ಒಂದು ಸೈಕಲ್ಲನ್ನೂ ಕೊಡುವುದಿಲ್ಲ.

“ಸುಭಾನ್‌ಗೆ ಕನ್ನಡ ಬರೆಯೋಕೆ ಬರಲ್ಲ. ಇದನ್ನ ಬರೆದದ್ದು ಯಾರು?”

“ಮಗಳೇ ಸಾರ್. ಅವ್ನು ಹೇಳ್ತಾ ಹೋದ, ಆಯಮ್ಮ ಬರೀತಾ ಹೋದ್ಳು. ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ.”

ಆತಿಕಾ ಹಿಂದಿನ ವರಾಂಡದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲಿನಾಚೆ, ಒಳಗಿನ ಕೋಣೆಯಲ್ಲಿ ಸುಭಾನ್ ನೆಲದ ಮೇಲೆ ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ.

“ಏನಮ್ಮ ಇದು?” ನನ್ನ ದನಿ ಏರಿತು. “ಬೆಳಿಗ್ಗೆ ಕಾಲಿಗೆ ಬಿದ್ದೆ, ಮಧ್ಯಾಹ್ನ ನೀನೇ ಅಪ್ಪನ್ನ ಬರೆದುಕೊಟ್ಟೆ! ನಿಮ್ಮಪ್ಪ ಆಯಿಲ್ ಹಾಕಿದ್ದ. ಸಾಬೀತು ಮಾಡ್ಕೊಂಡು ಬಂದಿದೀನಿ. ನೋಡು.”

ಜೇಬಿನಿಂದ ಹಾಳೆ ತೆಗೆದು ಬಿಡಿಸಿದೆ. ಅವಳು ಎಣ್ಣೆಗಲೆಯನ್ನು ನೋಡಿದಳು. ಅದೇನು, ಎಲ್ಲಿಂದ ಬಂತು ಎಂದು ಕೇಳಲಿಲ್ಲ.

“ಬಟ್ಟಲಲ್ಲಿ ಇತ್ತಾ?”

“ಹೌದು.”

“ಹರಿದು ಹಾಕ್ರಿ ಅಂಕಲ್.”

“ಏನಂದೆ?”

“ನಿಮ್ ಕೈ ಮುಗೀತೀನಿ, ಅದನ್ನ ಹರಿದು ಹಾಕ್ರಿ.” ಅವಳು ತಗ್ಗಿದ ದನಿಯಲ್ಲಿ, ಒಂದೇ ಉಸಿರಿನಲ್ಲಿ ಹೇಳಿದಳು. “ಆ ಟ್ಯಾಂಕು ನಮ್ಮ ಅಂಗಡೀದು. ಅವತ್ತು ಸಂಜೆ ತಗೊಂಡೋಗಿ ಬದಲಾಯಿಸಿದ್ದು ನಾನು. ಬೆಳಿಗ್ಗೆ ಅಬ್ಬಾ ಅದನ್ನ ನೋಡಿ ಗುರುತು ಹಿಡಿದ್ರು, ನನ್ನ ಕೇಳಿದ್ರು. ನನ್ನ ಕೈಲಿ ಸುಳ್ಳು ಹೇಳೋಕೆ ಆಗ್ಲಿಲ್ಲ.”

ಹಾಳೆಯನ್ನು ಮಡಚಿ ಹಿಡಿದೆ. ಇವಳನ್ನು ನಂಬಿ ದಿನವಿಡೀ ಸುತ್ತಿದ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

“ಯಾಕೆ ಮಾಡಿದೆ? ಯಾರು ಮಾಡಿಸಿದ್ದು?”

“ಮಾರುತಿ ನಂಗೆ ಬೇಕಾದವ್ನು, ಟ್ಯಾಂಕು ಬದಲಾಯಿಸ್ದೆ ಇದ್ರೆ ಅವನ್ನ ಹಿಡಿಸ್ತೀನಿ ಅಂತ ಚೇತನ್‌ಕುಮಾರ ಹೆದರಿಸ್ದ.” ಅವಳು ಗೋಡೆ ಬಿಟ್ಟು ನನ್ನೆದುರಿಗೆ ಬಂದಳು.

“ನೀವು ಅದನ್ನ ತೋರಿಸಿದ್ರೆ ಅಬ್ಬಾ ಹೊರಗೆ ಬರ್ತಾರೆ, ನಾನು ಒಳಗೆ ಹೋಗ್ತೀನಿ. ಅಬ್ಬಾ ಆಣೆ ಮಾಡವ್ರೆ, ಹಂಗೇನಾದ್ರೂ ಆದ್ರೆ ಬದುಕಿರಲ್ಲ ಅಂತ. ತೋರಿಸ್ದೆ ಇದ್ರೆ ಆ ಚೇತನ್‌ಕುಮಾರ ಗೆದ್ದ. ನಂಗೂ ಗೊತ್ತು ಅಂಕಲ್.”

ಒಳಗಿನಿಂದ ಸುಭಾನ್ ಬಾಗಿಲ ಸರಳು ಹಿಡಿದು ಎದ್ದು ನಿಂತ. “ಪಂಚಾಕ್ಷರಪ್ಪಾರೇ,” ಎಂದ. ಎರಡೂ ಕೈ ಜೋಡಿಸಿದ.

ಹಿಂದೆ ಬೂಟಿನ ಸಪ್ಪಳ. ಉಗ್ರಪ್ಪ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ವರಾಂಡಕ್ಕೆ ಬಂದ. ಅವನ ಜೊತೆ, ನನ್ನ ಹಿಂದೆಯೇ ಬಸ್ಸು ಹಿಡಿದು ಬಂದಿದ್ದ ಪಾಲಣ್ಣನೂ ಇದ್ದ.

“ಸಾರ್, ಈ ಪಾಲಣ್ಣ ಅದ್ಯಾವ್ದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೀನಿ ಅಂತಾನೆ. ‘ನನ್ ಹೆಂಡ್ತಿ ಹೆಂಗೆ ಸತ್ಲು ಅಂತ ಅದ್ರಾಗೈತೆ, ಓದಿ ಹೇಳ್ರಿ’ ಅಂತ ಪ್ರಾಣ ತಿಂತಾ ಅವ್ನೆ.” ಉಗ್ರಪ್ಪ ಕೈ ಚಾಚಿದ. “ಎಲ್ಲಿ, ಕೊಡ್ರಿ.”